ಮೂರು ನಿಮಿಷದ ಭಾಷಣ

ಹಸಿವಿನ ಬಗ್ಗೆ ನಡೆಯುತ್ತಿದ್ದ ಅಂತರರಾಷ್ಟ್ರೀಯ ಸಭೆಯ ಹೊರಗೆ, ನಾನು ಕೂತಿದ್ದ ಬೆಂಚಿನಲ್ಲೇ ಇಬ್ಬರು ಹೆಂಗಸರಿದ್ದರು. ಒಬ್ಬಾಕೆ ಮಕ್ಕಳ ತೂಕ ನೋಡುವ ದಾದಿ. ಇನ್ನೊಬ್ಬಾಕೆ ಅವಳ ಮಾತನ್ನು ಒಳಗಿನವರಿಗೆ ತರ್ಜುಮೆ ಮಾಡಬೇಕಾದ ದುಭಾಷಿ.

“ಅಕ್ಕಾ, ಮೂರೇ ನಿಮಿಷ. ಸಭೆಯವರು ಬರೆದುಕೊಟ್ಟ ಚೀಟಿಯಲ್ಲಿ ಇರೋದಷ್ಟೇ ಓದಿ.”

“ಇದರ ತುಂಬಾ ಬರೀ ಧನ್ಯವಾದ. ಉಣ್ಣದೇ ತೇಗು ಅಂದ ಹಾಗಾಯ್ತು. ಐದು ತಿಂಗಳಿಂದ ಮಕ್ಕಳ ಹಿಟ್ಟು ಬಂದಿಲ್ಲ ಅನ್ನೋದು ಎಲ್ಲಿ?”

“ಹಿಟ್ಟು ನಿಲ್ಲಿಸಿದವರೇ ಮುಂದಿನ ಸಾಲಲ್ಲಿ ಕೂತಿದ್ದಾರೆ. ಮುನಿಸಿಕೊಂಡರೆ ಮುಂದಿನ ವರ್ಷವೂ ಇಲ್ಲ.”

“ಕೂತಿರಲಿ. ಅವರಿಗೆ ಹೇಳೋಕೇ ಅಲ್ವಾ ನಾನು ಬಂದಿದ್ದು?”

“ನೀವು ಏನೇ ಹೇಳಿದರೂ ನಾನು ಚೀಟಿಯಲ್ಲಿ ಇರೋದನ್ನೇ ಹೇಳಬೇಕಕ್ಕಾ. ಹಾಗಂತ ಕಟ್ಟಪ್ಪಣೆ.”

“ಅಂದ್ರೆ ನಾನು ಬಾಯಿ ಆಡಿಸೋ ಗೊಂಬೆ.”

ಬಾಗಿಲು ತೆರೆದು ಯಾರೋ ಕೈಸನ್ನೆ ಮಾಡಿದರು. ದಾದಿ ಚೀಟಿಯನ್ನು ದುಭಾಷಿಯ ಕೈಗೆ ಕೊಟ್ಟಳು.

“ಸರಿ, ಈ ಐದು ತಿಂಗಳಲ್ಲಿ ತೀರಿಕೊಂಡ ಹನ್ನೊಂದು ಮಕ್ಕಳ ಹೆಸರು ಹೇಳ್ತೀನಿ. ಅದನ್ನ ಏನಂತ ತರ್ಜುಮೆ ಮಾಡ್ತೀಯೋ ಮಾಡು.”

ದುಭಾಷಿ ಎದ್ದಳು. ಚೀಟಿಯನ್ನು ಮಡಚಿ ಚೀಲದೊಳಗೆ ತುರುಕಿದಳು.

“ನಿಧಾನವಾಗಿ ಹೇಳಿ ಅಕ್ಕಾ. ಒಂದೂ ತಪ್ಪಿಹೋಗಬಾರದು.”

ಇಬ್ಬರೂ ಒಳಗೆ ಹೋದರು.