ಹನ್ನೆರಡು ಗಂಟೆಯ ಪಟ್ಟಿ

ಮಾನ್ಯ ಅಧ್ಯಕ್ಷರೇ, ಮುಖ್ಯ ಅತಿಥಿಗಳಾಗಿ ಬಂದಿರುವ ಚರ್ಮರೋಗ ತಜ್ಞರೇ, ಮುಂದಿನ ಸಾಲಿನ ನರ್ಸಮ್ಮಂದಿರೇ, ಹಿಂದಿನ ಸಾಲಿನಲ್ಲಿ ಕುಳಿತು ಕಾಫಿ ಯಾವಾಗ ಬರುತ್ತದೋ ಎಂದು ಬಾಗಿಲು ನೋಡುತ್ತಿರುವ ಲ್ಯಾಬಿನ ಗೆಳೆಯರೇ, ಸಭಿಕರೇ,

ಮೂವತ್ತೆರಡು ವರ್ಷ ಈ ಆಸ್ಪತ್ರೆಯ ಔಷಧಿ ಕಿಟಕಿಯ ಹಿಂದೆ ನಿಂತವಳು ನಾನು. ನಿಮ್ಮಲ್ಲಿ ಅರ್ಧ ಜನಕ್ಕೆ ನನ್ನ ಮುಖ ಪೂರ್ತಿಯಾಗಿ ಕಾಣುತ್ತಿರುವುದು ಇವತ್ತೇ ಇರಬೇಕು. ಆ ಕಿಟಕಿಯಲ್ಲಿ ಕಾಣುವುದು ಎರಡು ಕೈ, ಒಂದು ಗಲ್ಲ, ಅಷ್ಟೇ. ಬೀಳ್ಕೊಡುಗೆಯ ದಿನ ಅತ್ತು ಕರೆದು ಗೋಳಾಡುವ ಬದಲು ಹೊಸಬರಿಗೆ ಉಪಯೋಗವಾಗುವಂಥದ್ದು ಏನಾದರೂ ಹೇಳಿ ಎಂದು ಅಧ್ಯಕ್ಷರು ಅಪ್ಪಣೆ ಕೊಡಿಸಿದ್ದಾರೆ. ವಿಷಯವನ್ನೂ ಅವರೇ ಕೊಟ್ಟಿದ್ದಾರೆ: ಚರ್ಮಕ್ಕೆ ಹಚ್ಚುವ, ನೋವು ಮರಗಟ್ಟಿಸುವ ಔಷಧಿಗಳು. ಹತ್ತು ನಿಮಿಷ.

ಒಳ್ಳೆಯ ಔಷಧಿಗಳು ಇವು. ಮಗುವಿನ ಕೈಗೆ ಸೂಜಿ ಚುಚ್ಚುವ ಒಂದು ಗಂಟೆ ಮೊದಲು ಸ್ವಲ್ಪ ಮುಲಾಮು ಹಚ್ಚಿಟ್ಟರೆ ಆ ಮಗು ಅಳುವುದಿಲ್ಲ. ಅಳದ ಮಗುವಿನ ತಾಯಿಯೂ ಅಳುವುದಿಲ್ಲ. ಹುಣ್ಣು ಒಣಗಿದ ಮೇಲೂ ಉಳಿಯುವ ಉರಿಗೆ ಅಂಟುಪಟ್ಟಿ ಇದೆ. ಒಬ್ಬ ಮುದುಕರು ಕಿಟಕಿಗೆ ಬಾಗಿ, "ಸಿಸ್ಟರ್, ಇದನ್ನ ನಾಲಿಗೆಗೆ ಹಚ್ಕೋಬಹುದಾ? ನಿಮ್ಮ ಕ್ಯಾಂಟೀನಿನ ಸಾರು ಕುಡೀಬೇಕಲ್ಲ" ಎಂದಿದ್ದರು. ಕ್ಯಾಂಟೀನಿನವರು ಇಲ್ಲೇ ಇದ್ದೀರಿ, ಕ್ಷಮಿಸಬೇಕು.

ಆದರೆ ಜನ ಏನು ತಿಳಿದಿದ್ದಾರೆ? ಮೇಲೆ ಹಚ್ಚುವುದು ತಾನೇ, ಒಳಗೇನು ಹೋಗುತ್ತದೆ, ಎಂದು. ಹೋಗುತ್ತದೆ ಸ್ವಾಮಿ. ಚರ್ಮವೆಂದರೆ ಗೋಡೆಯಲ್ಲ, ಜರಡಿ. ಅದಕ್ಕೇ ಪ್ರತಿಯೊಬ್ಬರಿಗೂ ಹೇಳುತ್ತಿದ್ದೆ: ಒಡೆದ ಚರ್ಮಕ್ಕೆ ಹಚ್ಚಬೇಡಿ. ಡಾಕ್ಟರು ಬರೆದದ್ದಕ್ಕಿಂತ ಒಂದೂ ಹೆಚ್ಚು ಬೇಡ. ಮೇಲೆ ಬಿಸಿ ಇಡಬೇಡಿ. ಪಟ್ಟಿಯಾದರೆ ಹನ್ನೆರಡು ಗಂಟೆ ಮೈಮೇಲೆ, ಹನ್ನೆರಡು ಗಂಟೆ ಮೈಗೆ ಬಿಡುವು. ತುಟಿ ಜೋಮು ಹಿಡಿದರೆ, ಕಿವಿ ಗುಂಯ್ ಎಂದರೆ, ತಲೆ ತಿರುಗಿದರೆ ಕಿತ್ತೆಸೆದು ಓಡಿ ಬನ್ನಿ. ಸಾವಿರ ಸಲ ಹೇಳಿದ್ದೇನೆ. ಸಾಲಿನಲ್ಲಿ ಎಷ್ಟೇ ಜನರಿರಲಿ, ಎಷ್ಟೇ ಬೈಯಲಿ, ಹೇಳದೆ ಕಳಿಸಿದವಳಲ್ಲ.

ಒಬ್ಬರನ್ನು ಬಿಟ್ಟು.

ಅದು ನನ್ನ ಅಕ್ಕ. ಇದನ್ನು ಹೇಳಬೇಕೆಂದು ಬರೆದುಕೊಂಡು ಬಂದಿರಲಿಲ್ಲ. ಶುರು ಮಾಡಿದ್ದೇನೆ, ಮುಗಿಸುತ್ತೇನೆ.

ನಾವಿಬ್ಬರೂ ಮದುವೆಯಾಗಲಿಲ್ಲ. ಒಂದೇ ಮನೆ, ಎರಡು ಕೋಣೆ, ನಡುವೆ ಅಡುಗೆಮನೆ. ಅಕ್ಕ ಶಾಲೆಯಲ್ಲಿ ಲೆಕ್ಕದ ಟೀಚರ್ ಆಗಿದ್ದಳು. ಅಮ್ಮ ಹಾಸಿಗೆ ಹಿಡಿದಾಗ ಕೆಲಸ ಬಿಟ್ಟವಳು ಅವಳು, ಬಿಡದವಳು ನಾನು. ಅಮ್ಮ ತೀರಿಕೊಂಡ ಮಧ್ಯಾಹ್ನ ನಾನು ಈ ಕಿಟಕಿಯಲ್ಲಿದ್ದೆ. ಮನೆಗೆ ಓಡಿದಾಗ ಅಕ್ಕ ಹೊಸ್ತಿಲಲ್ಲೇ, "ಊರಿಗೆಲ್ಲ ಮಾತ್ರೆ ಹಂಚ್ತಾ ನಿಂತೆ. ಅಮ್ಮ ನಿನ್ನ ಕೇಳ್ಕೊಂಡೇ ಹೋದ್ಲು" ಎಂದಳು. ನಾನು ಸುಮ್ಮನಿರಬೇಕಿತ್ತು. "ನೀನಿದ್ಯಲ್ಲ. ನಿಂಗೆ ಬೇರೆ ಏನು ಕೆಲಸ?" ಎಂದುಬಿಟ್ಟೆ.

ಆಮೇಲೆ ಆರು ವರ್ಷ ನಾವು ಮಾತಾಡಲಿಲ್ಲ. ಸುಳ್ಳಲ್ಲ. ಹಾಲು ಮುಗಿದಿದೆ ಎಂದು ಅವಳು ಚೀಟಿ ಬರೆದು ಡಬ್ಬಿಯ ಕೆಳಗಿಡುತ್ತಿದ್ದಳು. ನಾನು ಹಾಲು ತಂದಿಟ್ಟು ಚೀಟಿ ಹರಿಯುತ್ತಿದ್ದೆ. ಅವಳು ಉಂಡೆದ್ದ ಮೇಲೆ ನಾನು ಉಣ್ಣುತ್ತಿದ್ದೆ. ಜ್ವರ ಬಂದರೆ ಒಬ್ಬರದು ಇನ್ನೊಬ್ಬರಿಗೆ ಗೊತ್ತಾಗುತ್ತಿದ್ದುದು ಕೆಮ್ಮಿನಿಂದ.

ಏಳನೆಯ ವರ್ಷ ಅಕ್ಕನಿಗೆ ಸರ್ಪಸುತ್ತು ಆಯಿತು. ಬೆನ್ನಿನಿಂದ ಪಕ್ಕೆಯವರೆಗೆ ಬೊಕ್ಕೆ. ಬೊಕ್ಕೆ ಒಣಗಿತು, ಉರಿ ಹೋಗಲಿಲ್ಲ. ರವಿಕೆ ತಾಗಿದರೂ ಹಲ್ಲು ಕಚ್ಚುತ್ತಿದ್ದಳು. ಗೋಡೆಯ ಈಚೆಯಿಂದ ಕೇಳಿಸುತ್ತಿತ್ತು. ಒಂದು ದಿನ ಇಲ್ಲಿ ನನ್ನ ಕಿಟಕಿಯೊಳಗೆ ಡಾಕ್ಟರ ಒಂದು ಚೀಟಿ ಬಂತು. ಹಿಡಿದ ಕೈ ನೋಡಿದೆ. ಅಮ್ಮನ ಬಳೆ. ಅಕ್ಕ ಎಲ್ಲರಂತೆ ಟೋಕನ್ ತೆಗೆದುಕೊಂಡು ಸಾಲಿನಲ್ಲಿ ನಿಂತು ಬಂದಿದ್ದಳು. ಪಟ್ಟಿಯ ಎರಡು ಡಬ್ಬಿ ಬರೆದಿದ್ದರು. ನಾನು ಎರಡು ಡಬ್ಬಿ ಎತ್ತಿ ಮುಂದಕ್ಕೆ ಸರಿಸಿದೆ. ಅವಳು ಒಂದು ಕ್ಷಣ ನಿಂತಳು. ಅವಳ ಹಿಂದಿದ್ದವನಿಗೆ, ಯಾರೋ ಗೊತ್ತಿಲ್ಲದವನಿಗೆ, ಎಲ್ಲವನ್ನೂ ಬಿಡಿಸಿ ಹೇಳಿದೆ.

ಐದನೆಯ ದಿನ ಸಂಜೆ ಕೆಲಸ ಮುಗಿಸಿ ಮನೆಗೆ ಹೋದೆ. ಚಪ್ಪಲಿ ಬಿಡುತ್ತಿದ್ದಾಗ ಅವಳ ಕೋಣೆಯಿಂದ ದನಿ ಬಂತು.

"ತಂಗೀ, ಕಿವೀಲಿ ಏನೋ ಗುಂಯ್ ಅಂತಿದೆ ಕಣೇ. ತುಟಿ ನಂದಲ್ಲ ಅನ್ನಿಸ್ತಿದೆ."

ನಾಲಿಗೆ ತೊದಲುತ್ತಿತ್ತು. ಒಳಗೆ ಹೋದೆ. ಬೆನ್ನಿಗೆ ಕೈ ಎಟುಕುವುದಿಲ್ಲವಲ್ಲ, ಪಟ್ಟಿಗಳನ್ನು ಅಂಟು ಮೇಲೆ ಮಾಡಿ ಹಾಸಿಗೆಯ ಮೇಲೆ ಹರಡಿ, ಅದರ ಮೇಲೆ ಅಂಗಾತ ಮಲಗಿಬಿಟ್ಟಿದ್ದಳು. ಏಳು ಪಟ್ಟಿ. ಕೆಲವು ಹಿಂದಿನ ದಿನದವು. ಬೆನ್ನಿನ ಕೆಳಗೆ ಬಿಸಿನೀರಿನ ಚೀಲ. ಎಲ್ಲ ಕಿತ್ತೆ. ಒದ್ದೆ ಬಟ್ಟೆಯಲ್ಲಿ ಬೆನ್ನು ಒರೆಸಿದೆ. "ಯಾಕೆ ಇಷ್ಟು ಹಾಕ್ಕೊಂಡೆ? ಒಂದು ಮಾತು ಕೇಳ್ಬಾರ್ದಾ?" ಎಂದು ಕಿರುಚಿದೆ.

ಅವಳು ನಿಧಾನವಾಗಿ, "ಕೇಳೋಕೇ ಬಂದಿದ್ನಲ್ಲ, ಕಿಟಕಿಗೆ" ಎಂದಳು.

ಆಂಬುಲೆನ್ಸಿನಲ್ಲಿ ಅವಳಿಗೆ ಒಮ್ಮೆ ಫಿಟ್ಸ್ ಬಂತು. ಇಲ್ಲಿನ ತುರ್ತು ವಿಭಾಗದವರು ಎರಡು ದಿನ ಎದೆಗೆ ತಂತಿ ಹಚ್ಚಿ ಕಾದು, ಅವಳನ್ನು ನನಗೆ ಮರಳಿ ಕೊಟ್ಟರು. ಅವರಲ್ಲಿ ಇಬ್ಬರು ಈ ಸಭೆಯಲ್ಲಿದ್ದೀರಿ. ಆವತ್ತು ನಿಮಗೆ ಥ್ಯಾಂಕ್ಸ್ ಹೇಳುವಷ್ಟು ಮುಖ ನನಗಿರಲಿಲ್ಲ. ಇವತ್ತು ಹೇಳುತ್ತಿದ್ದೇನೆ.

ಕೆಲವು ವಾರಗಳ ನಂತರ ಡಾಕ್ಟರು ಮತ್ತೆ ಪಟ್ಟಿ ಬರೆದಾಗ ಒಂದು ಷರತ್ತು ಹಾಕಿದರು: ಹಚ್ಚುವವಳು ತಂಗಿಯೇ ಆಗಬೇಕು. ಬೆಳಿಗ್ಗೆ ಏಳಕ್ಕೆ ಹಚ್ಚುವುದು, ಸಂಜೆ ಏಳಕ್ಕೆ ತೆಗೆಯುವುದು. ಅಕ್ಕ ಬೆನ್ನು ತಿರುಗಿಸಿ ಕೂರುತ್ತಿದ್ದಳು. ಮುಖ ನೋಡಬೇಕಾಗಿರಲಿಲ್ಲ, ಅದಕ್ಕೇ ಮಾತು ಬಂತೋ ಏನೋ. ಮೊದಲು "ಇಲ್ಲಿ", "ಸ್ವಲ್ಪ ಮೇಲೆ". ಆಮೇಲೆ ಅವಳ ಹಳೆಯ ಶಾಲೆಯ ಸುದ್ದಿ. ಆಮೇಲೊಂದು ಬೆಳಿಗ್ಗೆ, ನಾನು ಕೇಳದೆಯೇ, "ಅಮ್ಮ ನಿನ್ನ ಕೇಳ್ಲಿಲ್ಲ ಕಣೇ. ಆವತ್ತು ಅವಳಿಗೆ ಎಚ್ಚರಾನೇ ಇರ್ಲಿಲ್ಲ. ನಂಗೆ ಒಬ್ಳೇ ಇರೋಕೆ ಭಯ ಆಗಿತ್ತು. ಕೇಳಿದ್ದು ನಾನು" ಎಂದಳು.

ನಾನು ಪಟ್ಟಿಯ ಅಂಚನ್ನು ಒತ್ತುತ್ತಲೇ ಇದ್ದೆ. ಅದು ಆಗಲೇ ಅಂಟಿತ್ತು.

ಎಂಟು ತಿಂಗಳಿಗೆ ಉರಿ ಹೋಯಿತು. ಬೆರಳಿನಿಂದ ತಟ್ಟಿದರೂ ಅಕ್ಕ ಬೆಚ್ಚುತ್ತಿರಲಿಲ್ಲ. ಆದರೂ ಏಳು ಗಂಟೆಗೆ ಬೆನ್ನು ತಿರುಗಿಸಿ ಕೂರುತ್ತಿದ್ದಳು. ಬೇಡದ ಔಷಧಿ ಹಚ್ಚುವುದು ತಪ್ಪು. ಇದನ್ನು ಹೊಸಬರು ಬರೆದುಕೊಳ್ಳಿ. ನಾನು ಬರೀ ಬಟ್ಟೆ ಕತ್ತರಿಸಿ ಪ್ಲಾಸ್ಟರಿನಿಂದ ಅಂಟಿಸಿದೆ.

"ಇದಕ್ಕೆ ತಣ್ಣಗಿರೋ ಗುಣಾನೇ ಇಲ್ವಲ್ಲೇ."

"ಹೊಸ ಕಂಪನಿದು, ಅಕ್ಕ."

"ಹೌದಾ? ಒಳ್ಳೆ ಕಂಪನಿ. ಇದೇ ಇರ್ಲಿ."

ಲೆಕ್ಕದ ಟೀಚರಿಗೆ ಗೊತ್ತಾಗದೆ ಇರುತ್ತದೆಯೇ? ಎರಡು ವರ್ಷ ಹೀಗೇ ನಡೆಯಿತು. ಹೋದ ವರ್ಷ ಅಕ್ಕ ಹೃದಯದ ತೊಂದರೆಯಿಂದ ತೀರಿಕೊಂಡಳು. ಆವತ್ತು ನಾನು ರಜೆ ಹಾಕಿ ಅವಳ ಪಕ್ಕದಲ್ಲಿದ್ದೆ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಒಂದೇ ಮಾತು.

ಹೋದ ವಾರ ನಾನೇ ಕಿಟಕಿಯ ಹೊರಗೆ, ಸಾಲಿನಲ್ಲಿ ನಿಂತೆ. ನನಗೂ ಬೆನ್ನಿನ ಮೂಳೆಯ ಪಕ್ಕ ಒಂದು ಉರಿ. ಡಾಕ್ಟರು ಅದೇ ಪಟ್ಟಿ ಬರೆದಿದ್ದಾರೆ. ನನ್ನ ಜಾಗಕ್ಕೆ ಬಂದಿರುವ ಹುಡುಗಿ ಒಂದನ್ನೂ ಬಿಡದೆ ಎಲ್ಲ ಹೇಳಿದಳು. ಹೆಮ್ಮೆಯಾಯಿತು. ಆದರೂ ನಾನು ಅಲ್ಲೇ ನಿಂತಿದ್ದೆ. "ಇನ್ನೇನಾದ್ರೂ ಕೇಳ್ಬೇಕಿತ್ತಾ ಮೇಡಂ?" ಎಂದಳು. "ಏನಿಲ್ಲಮ್ಮ" ಎಂದು ಬಂದುಬಿಟ್ಟೆ. ಡಬ್ಬಿ ಇನ್ನೂ ಬಿಚ್ಚಿಲ್ಲ.

ಮಗಳೇ, ನೀನೂ ಇಲ್ಲೇ ಕೂತಿದ್ದೀಯ. ನಿನ್ನ ತಪ್ಪೇನಿಲ್ಲ, ಮೂವತ್ತೆರಡು ವರ್ಷ ನಾನೂ ಕೇಳಿದವಳಲ್ಲ. ಬೆನ್ನಿಗೆ ಪಟ್ಟಿ ಕೊಡುವಾಗ, ಹಚ್ಚುವವರು ಮನೆಯಲ್ಲಿ ಯಾರಿದ್ದಾರೆ ಎಂದು ಕೇಳು. ಕೆಲವರು ಉತ್ತರ ಹೇಳುವುದಿಲ್ಲ, ಚೀಲದ ಜಿಪ್ ಎಳೆಯುತ್ತಾರೆ. ಅಂಥವರನ್ನು ಹಾಗೇ ಕಳಿಸಬೇಡ. ಎರಡು ನಿಮಿಷ ಕಿಟಕಿ ಮುಚ್ಚಿ, ಹೊರಗೆ ಬಂದು ನೀನೇ ಹಚ್ಚು. ಸಾಲಿನವರು ಬೈಯುತ್ತಾರೆ. ಬೈಯಲಿ.

ಇಷ್ಟು ಹೊತ್ತು ನನ್ನ ಮುಖ ನೋಡುತ್ತ ಕುಳಿತ ನಿಮಗೆಲ್ಲ ಕೃತಜ್ಞತೆಗಳು. ನಮಸ್ಕಾರ.