ದೃಷ್ಟಿಗೋಡೆಯ ಮೂಲೆಗೆ ಯಾವ ಗಿಡ?

ಇವತ್ತು ನೆರಳಿನ ವಿಷಯ. ಆ ಕಂಬಕ್ಕೆ ಒರಗಿ ಕೂತ ಯಜಮಾನರು ಸ್ವಲ್ಪ ಎಚ್ಚರವಾಗಿರಲಿ, ಕಥೆ ಅವರಿಗೂ ಬೇಕಾದೀತು.

ಯಾವ ಊರು ಅಂತ ಕೇಳಬೇಡಿ, ನಿಮ್ಮೂರೇ ಅಂದುಕೊಳ್ಳಿ. ಅಲ್ಲೊಬ್ಬ ಸಾಹುಕಾರ. ಅವನ ಅಂಗಳದ ಮೂಲೆಯಲ್ಲಿ ಸೇವಂತಿಗೆ ಹೇರಳವಾಗಿ ಬಿಡುತ್ತಿತ್ತು. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಸಂತೋಷ ಪಡಬೇಕೋ ಬೇಡವೋ? ಇವನಿಗೆ ಜನರ ಕಣ್ಣಿನದೇ ಭಯ. ದೃಷ್ಟಿ ತಾಗುತ್ತದೆ ಅಂತ ಎತ್ತರದ ಗೋಡೆ ಕಟ್ಟಿಸಿದ. ನೋಡಿ, ಆ ಗೋಡೆ ಜನರ ಕಣ್ಣನ್ನೂ ತಡೆಯಿತು, ಬಿಸಿಲನ್ನೂ ತಡೆಯಿತು. ಸೇವಂತಿಗೆ ಸೊರಗಿತು.

ಸಾಹುಕಾರ ಏನು ಮಾಡಿದ? ದೃಷ್ಟಿ ಗೋಡೆ ದಾಟಿ ಬಂದಿದೆ ಅಂದ, ಇನ್ನಷ್ಟು ಎತ್ತರಿಸಿದ. ಹೊಸ ಸಸಿ ನೆಟ್ಟ, ಅದೂ ಹೋಯಿತು. ಗೋಡೆ ಮತ್ತೆ ಎದ್ದಿತು. ಗುಲಾಬಿ ತಂದ, ಬೂದುಗುಂಬಳ ಕಟ್ಟಿದ, ನಾಲಿಗೆ ಚಾಚಿದ ದೃಷ್ಟಿಗೊಂಬೆ ನಿಲ್ಲಿಸಿದ. ಕೊನೆಗೆ ಆ ಮೂಲೆಯಲ್ಲಿ ಕಳೆಕಳೆಯಾಗಿ ಉಳಿದದ್ದು ಗೊಂಬೆ ಒಂದೇ.

ಇನ್ನು ತಪ್ಪು ಯಾರ ಮೇಲೆ ಹಾಕಬೇಕು? ಗೋಡೆ ಸ್ವಂತದ್ದು, ಅದರ ಮೇಲೆ ಹಾಕುವಂತಿಲ್ಲ. ಗಿಡಕ್ಕೆ ನೀರು ಹಾಕುತ್ತಿದ್ದವಳು ಹೊಸದಾಗಿ ಬಂದ ಸೊಸೆ. ಅವಳ ಕೈಗುಣ ಸರಿಯಿಲ್ಲ ಅಂದುಬಿಟ್ಟ. ಇನ್ನು ಅವಳು ಗಿಡ ಮುಟ್ಟಬಾರದು, ಪೂಜೆಯ ದಿನ ಮುತ್ತೈದೆಯರಿಗೆ ತಾಂಬೂಲ ಕೊಡಬಾರದು. ತಾಯಂದಿರೇ, ಆ ಮಾತಿನ ಭಾರ ನಿಮಗೆ ಗೊತ್ತು. ಆ ಹುಡುಗಿ ಒಳಗೆ ಹೋಗಿ ಅತ್ತಳು. ಸಾಹುಕಾರ ಅದು ಕೆಟ್ಟ ಮೂಲೆ ಅಂತ ಆ ಕಡೆ ತಿರುಗಿ ನೋಡುವುದನ್ನೇ ಬಿಟ್ಟ.

ಮುಂದೆ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಕರೆದವರೂ ಬಂದರು, ಕರೆಯದವರೂ ಬಂದರು. ತಾಂಬೂಲಕ್ಕೆ ವೀಳ್ಯದೆಲೆ ಸಾಲಲಿಲ್ಲ. ಹೆಂಡತಿ ಹೊರಗೆ ಹೋಗಿ ಮಡಿಲು ತುಂಬ ಎಲೆ ತಂದಳು. ಊಟವಾದ ಮೇಲೆ ಸಾಹುಕಾರ ಸುಣ್ಣ ಸವರಿ, ಅಡಿಕೆ ಹಾಕಿ, ಬಾಯಿ ತುಂಬಿಕೊಂಡು ಕಣ್ಣು ಮುಚ್ಚಿದ. ಇಂಥ ಎಲೆ ಎಲ್ಲಿಂದ ತರಿಸಿದೆ ಅಂತ ಬಂದವರೆದುರಿಗೇ ಕೇಳಿದ.

ಹೆಂಡತಿ ಅಂದಳು: "ನಿಮ್ಮ ಕೆಟ್ಟ ಮೂಲೇದು ರೀ. ಸೊಸೆ ತವರಿಂದ ಬಳ್ಳಿ ತಂದಿದ್ಲು. ಬಿಸಿಲು ಬೀಳದ ಜಾಗ ಇದಕ್ಕೆ ಒಗ್ಗತ್ತೆ ಅತ್ತೆ ಅಂದ್ಲು, ನೆಡು ಅಂದೆ. ನೀವು ಎತ್ತರಿಸಿದ ಗೋಡೆಯ ತುದಿವರೆಗೂ ಹತ್ತಿಕೊಂಡು ಹೋಯ್ತು. ಈಗ ಹೇಳಿ, ಉಗುಳ್ತೀರೋ, ನುಂಗ್ತೀರೋ?"

ಎಲ್ಲಿ ಉಗುಳುತ್ತಾನೆ ಪಾಪ, ಸುತ್ತ ಜನ. ನುಂಗಿದ. ನುಂಗಿ, ತಾಂಬೂಲದ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಸೊಸೆಯ ಕೈಗೆ ಕೊಟ್ಟ.

ನಗುತ್ತೀರಿ. ನಿಮ್ಮ ಮನೆಯಲ್ಲಿ ಗೋಡೆ ಇಲ್ಲವೇ? ಮಗ ನಿಮ್ಮೆದುರು ಬಾಯೇ ಬಿಡುವುದಿಲ್ಲ, ಮಂಕು ಅನ್ನುತ್ತೀರಿ. ಹೊರಗೆ ಗೆಳೆಯರ ಜೊತೆ ಅವನು ಮಾತಾಡುವುದನ್ನು ಕೇಳಿದ್ದೀರಾ? ಅವನ ಮೇಲೆ ಬಿದ್ದ ನೆರಳು ಯಾರದು? ಗಿಡವನ್ನು ಬೈಯುವ ಮೊದಲು ಬಿಸಿಲಿಗೆ ಅಡ್ಡ ನಿಂತವರು ಯಾರು ಅಂತ ನೋಡಿ. ನೀವೇ ಆದರೆ ಸರಿದು ನಿಲ್ಲಿ. ಸರಿಯಲು ಆಗದಿದ್ದರೆ, ಆ ನೆರಳಿಗೆ ಒಗ್ಗುವುದು ಯಾವುದು ಅಂತ ಕೇಳಿ ತಿಳಿದು ನೆಡಿ. ಸೇವಂತಿಗೆಯೇ ಬೇಕು ಅಂತ ಹಟ ಮಾಡಬೇಡಿ.

ಕಂಬದ ಯಜಮಾನರೇ, ಎದ್ದಿರಾ? ಇವತ್ತು ರಾತ್ರಿ ಸಾರಿಗೆ ಉಪ್ಪು ಕಡಿಮೆಯಾದರೆ ಸೊಸೆಯ ಕೈಗುಣದ ಮಾತು ಎತ್ತಬೇಡಿ. ಉಪ್ಪು ಕೇಳಿ ಹಾಕಿಕೊಳ್ಳಿ. ಆಮೇಲೆ, ನೀನು ಊಟ ಮಾಡಿದೆಯಾ ತಾಯಿ, ಅಂತ ಒಂದು ಮಾತು ಕೇಳಿ.