ಹಿಟ್ಟಿನ ಡಬ್ಬಿ ಮ್ಯಾಲಿನ ಗುಳಗಿ

...ಅಲ್ಲೇ ತಡಿ ಕೌಸಲ್ಯಾ, ಮೊದಲ ಬಾಗಲಾ ಮುಂದ ಮಾಡು. ಸಣ್ಣ ದನೀಲಿ ಹೇಳ್ತೇನಿ, ಯಾರ ಮುಂದನೂ ಬಾಯಿ ಬಿಡಬ್ಯಾಡ. ನಿನ್ನ ಮಗಳ ಆಣಿ... ಬ್ಯಾಡ, ಬ್ಯಾಡ, ನನ್ನ ಆಣಿ!

ಈ ಬಾಜೂ ಮನಿ ಲಿಡಿಯಾ ಇದಾಳಲ್ಲ, ನರ್ಸಬಾಯಿ? ತೆಳ್ಳಗಾಗ್ಲಿಕ್ಕಿ ಗುಳಗಿ ನುಂಗ್ತಾಳ! ಹೂಂ ಮತ್ತ! ಮಳಿ ಇಲ್ದ ಅರ್ಧಾ ಔರಾದ ತಾಲೂಕ ಹೊಟ್ಟಿ ಕಟಗೊಂಡು ಕೂಲಿಗಿ ಹೈದ್ರಾಬಾದಿಗಿ ಹೊಂಟದ, ಈಕಿ ಹಸಿವಿ ಬ್ಯಾಡಂತ ಡಾಕ್ಟರನ ಕಡಿ ಹೋಗ್ತಾಳ!

ಯಾಕ ನಗವಲ್ಲಿ? ಇದಕ್ಕ ನಮ್ಮ ಮೈಲೂರ ಓಣಿ ಇಡೀ ನಕ್ಕದ.

ನಿನ್ನ ಮಗಳು ಶಾಲೂನ ಸುದ್ದಿ ಕೇಳ್ತೇನಿ, ತಡಿ. ನನಗ ಗೊತ್ತಿಲ್ಲೇನು? ಹೈದ್ರಾಬಾದಿನ್ಯಾಗ ಸಿಮೆಂಟ ಬುಟ್ಟಿ ಹೊತ್ತಲ್ಲೇ ಬಿದ್ದಳಂತ, ಗಂಡ ಪಂಢರಿ ನಿನ್ನಿ ಇಲ್ಲಿ ದವಾಖಾನಿಗಿ ತಂದಾನಂತ, ಸಲಾಯಿನ್ ಹಚ್ಯಾರಂತ... ಅದಕ್ಕೇ ಹೇಳ್ಲಿಕ್ಕತ್ತೇನಿ. ಕೇಳು.

ಎರಡ ನಮೂನಿ ಗುಳಗಿ. ಮೊದಲಿಂದು ನೀಲಿದು. ಉಂಬಾಗ ನುಂಗಬೇಕು. ತಿಂದ ಎಣ್ಣಿ ಮೈಗಿ ಹತ್ತಂಗಿಲ್ಲ, ಹಂಗೇ ಕೆಳಗ ಇಳೀತದ! ಒಂದ ಐತವಾರ ಚರ್ಚಿಗಿ ಬಿಳಿ ಸೀರಿ ಉಟಗೊಂಡು ಹೋದಾಕಿ, ಅರ್ಧಾ ಹಾಡಿಗೇ ಎದ್ದು ಓಡಿ ಬಂದಳು. ಸೀರಿ ಹಿಂದ ಎಣ್ಣಿ ಡಾಗ, ನಾನೇ ಕಣ್ಣಾರೆ ನೋಡೇನಿ! ಆಮ್ಯಾಲ ಡಾಕ್ಟರ ಅದನ್ನ ಬಿಡಿಸಿ ಬಿಳಿದು ಬರದು ಕೊಟ್ಟ. ಅದರ ರೀತಿನೇ ಬ್ಯಾರೆ. ನಸುಕಿನ್ಯಾಗ ಖಾಲಿ ಹೊಟ್ಟಿಲಿ, ಎರಡೇ ಗುಟುಕು ನೀರು. ಅರ್ಧಾ ತಾಸು ಏನೂ ತಿನ್ನಂಗಿಲ್ಲ. ದಿನಾ ಪೂರಾ ಹಸಿವಿ ಸತ್ತಂಗ. ಓಕರಿಕಿ ಮಾತ್ರ ಬರ್ತದಂತ. ಡಾಕ್ಟರ ಚೀಟಿ ಇಲ್ದ ಯಾರೂ ಮುಟ್ಟಬಾರದು ಅಂತ ಆಕಿನೇ ನನಗ...

ಹಂಗ್ಯಾಕ ನೋಡ್ತಿ?

ತಪ್ಪು ಆಕಿಂದೇ. ಹಿಟ್ಟಿನ ಡಬ್ಬಿ ಮ್ಯಾಲ ಎರಡೂ ಇಟ್ಟು, ಬಾಗಲಾ ತೆರದು ಬಿಟ್ಟಿರ್ತಾಳ. ಯಾರ ಬೇಕಾದ್ರೂ ಒಯ್ಬಹುದು. ಈಗ ಊರಾಗ ಎಂತೆಂಥಾ ಮಂದಿ... ಅದೇನು ಉಡಿಯಾಗಿಂದ ತೆಗದಿ?

ಹಸರ ಅರಿವಿ.

ಬಿಚ್ಚಬ್ಯಾಡ. ಗೊತ್ತದ ನನಗ ಒಳಗ ಏನದ ಅಂತ. ನನ್ನ ಹಳೀ ಸೀರಿ ತುಂಡು ಅದು. ಶಾಲೂನ ಗಂಟಿನ್ಯಾಗ ಇತ್ತೇನು?

...ಹೂಂ. ನಾನೇ ಕೊಟ್ಟೇನಿ.

ಹೈದ್ರಾಬಾದಿಗಿ ಹೋಗೋ ದಿನ ಬಸ್ಸಿಗಿ ಇನ್ನ ಟೈಮ ಅದ ಅಂತ ಬಂದಳು. 'ದೊಡ್ಡವ್ವಾ, ಎರಡ ಸೇರ ಹಿಟ್ಟು ಕೊಡು, ಅಲ್ಲಿ ಪಗಾರ ಆಗೋತನಾ' ಅಂದಳು. ಇಲ್ಲಂದೆ. ಇತ್ತು ಕೌಸಲ್ಯಾ... ಇತ್ತು. ಮುಂದ ಮಳಿ ಬರ್ತದೋ ಇಲ್ಲೋ ಅಂತ ಮುಚ್ಚಿಟ್ಟೆ. ಬರೀ ಕೈಲಿ ಹ್ಯಾಂಗ ಕಳಿಸ್ಲಿ ಅಂತ ಲಿಡಿಯಾನ ಮನಿ ಹೊಕ್ಕೆ. ಮೊದಲ ನೀಲಿದೇ ಹಿಡದೆ. ಅದು ಎಣ್ಣಿ ತುಪ್ಪ ತಿಂಬೋರಿಗಿ, ಈ ಹುಡುಗಿ ತಿಂಬಾದು ಒಣ ರೊಟ್ಟಿ ಅಂತ ತಿರುಗಿ ಇಟ್ಟೆ. ಬಿಳಿದು ತಗೊಂಡೆ. ಹಸಿವಿನೇ ಬರಲಿಲ್ಲಂದ್ರ ಹಿಟ್ಟು ಯಾಕ ಬೇಕು ಅಂತ... ಶಾಣ್ಯಾಕಿ ನಾನು! ಆಕಿ ಕಾಲ ಮುಟ್ಟಿ ಹೋದಳು.

ಏನಾರ ಅನ್ನು. ಹೊಡಿ ಬೇಕಾದ್ರ! ಡಾಕ್ಟರಗ ನಾನೇ ಬಂದು ಹೇಳ್ತೇನಿ... ಹಾಂ? ತಲಿ ಯಾಕ ಅಳ್ಳಾಡಸ್ತಿ? ಹೇಳಿ ಆಗ್ಯಾದಾ? ನೀ ಈ ಗಂಟು ತೋರಿಸಿದ ಕೂಡ್ಲೇ ಲಿಡಿಯಾನೇ ಓಡಿ ಹೋಗಿ ಗುಳಗಿ ಹೆಸರು ಹೇಳಿದಳಾ?

ಹಂಗಾದ್ರ ಎಲ್ಲಾ ಗೊತ್ತಿದ್ದೇ ಕುಂತಿದಿ.

ಲಿಡಿಯಾ ಮುಂಜಾನಿ ನನ್ನ ಬಾಗಲಿಗೂ ಬಂದಿದ್ದಳು. ಬೈತಾಳ ಅಂದ್ಕೊಂಡೆ. ಬೈಲಿಲ್ಲ. ನನ್ನ ಮಾರಿ ನೋಡಿ ಅಂದಳು, 'ಸುಭದ್ರಾಬಾಯಿ, ಗುಳಗಿ ಹಿಟ್ಟಿನ ಡಬ್ಬಿ ಮ್ಯಾಲೇ ಇದ್ದೂರಿ. ಡಬ್ಬಿನೇ ಯಾಕ ಒಯ್ಲಿಲ್ಲರಿ?'